ಶೇಂಗಾ ಹೊಲದಲ್ಲೊಬ್ಬ ಪ್ರತಿವಾದಿ

ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟವರು ಶೇಂಗಾ ಹೊಲದಲ್ಲಿ ಅಡಗಿಕೊಳ್ಳಬಾರದು.

ಇಷ್ಟು ಸಣ್ಣ ವಿಷಯ ನಮ್ಮಣ್ಣನಿಗೆ ಯಾಕೆ ಹೊಳೆಯಲಿಲ್ಲವೋ ಕಾಣೆ. ಮೆಕ್ಕೆಜೋಳದ ಹೊಲವಾಗಿದ್ದರೆ ಸರಿ, ಒಳಗೆ ಹೊಕ್ಕ ಆಳು ಕಾಣಲ್ಲ. ಸೂರ್ಯಕಾಂತಿ ಆಗಿದ್ದರೂ ಹೇಗೋ ನಡೆಯುತ್ತಿತ್ತು. ಶೇಂಗಾ ಗಿಡ ಎಷ್ಟೆತ್ತರ ಬೆಳೆಯುತ್ತೆ ಹೇಳಿ? ಮೊಣಕಾಲಿಗೂ ಬರಲ್ಲ. ಅದರ ನಡುವೆ, ಚುರುಗುಟ್ಟುವ ಬಿಸಿಲಲ್ಲಿ, ಹಾಲಿನ ಡೈರಿಯ ಅಧ್ಯಕ್ಷ, ಅರವತ್ತರ ಹತ್ತಿರದ ಗಂಡಸು, ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿದ್ದ. ರಸ್ತೆಯಿಂದ ನೋಡಿದವರಿಗೆ ಯಾರೋ ಪಂಚೆ ಒಣಹಾಕಿದ್ದಾರೆ ಅನ್ನಿಸಬೇಕು, ಹಾಗಿತ್ತು.

ಯಾರಿಗೆ ಹೆದರಿ? ಚಿರತೆಗಲ್ಲ. ಪೊಲೀಸರಿಗೂ ಅಲ್ಲ. ಒಂದು ಹಾಳೆಗೆ.

ಕೋರ್ಟಿನ ನೋಟಿಸು. ಅದನ್ನು ಕೊಡಲು ಬಂದಿದ್ದ ಅಮೀನರು ನನ್ನ ಕಾರಿನ ಮುಂದಿನ ಸೀಟಿನಲ್ಲೇ ಕೂತಿದ್ದರು. (ನನ್ನ ಕಾರಿನ ಎಸಿ ವಿಷಯ ಇದೇ ಅಂಕಣದಲ್ಲಿ ಹಿಂದೆ ಬರೆದಿದ್ದೆ, ನೆನಪಿರಬಹುದು. ಇನ್ನೂ ರಿಪೇರಿಯಾಗಿಲ್ಲ.) ಹಿಂದಿನ ಸೀಟಿನಲ್ಲಿ ಗಿರಿಜಕ್ಕ. ನನ್ನ ದೊಡ್ಡಪ್ಪನ ಮಗಳು. ಹೊಲದಲ್ಲಿ ಮಲಗಿದ್ದ ತಿಪ್ಪೇಸ್ವಾಮಿಯ ಒಡಹುಟ್ಟಿದ ತಂಗಿ. ಕೇಸು ಹಾಕಿದವಳೂ ಅವಳೇ.

ಕೇಸು ಏನು ಅಂತ ಹೇಳಿಬಿಡುತ್ತೇನೆ, ದೊಡ್ಡದೇನಲ್ಲ. ದೊಡ್ಡಪ್ಪನಿಗೆ ಇಬ್ಬರೇ ಮಕ್ಕಳು. ದೊಡ್ಡಪ್ಪ ಹೋದ ಮೇಲೆ ಜಮೀನೆಲ್ಲ ತಿಪ್ಪಣ್ಣನ ಹೆಸರಿಗಾಯಿತು. ಗಿರಿಜಕ್ಕ ಏನೂ ಕೇಳಿರಲಿಲ್ಲ. ಗಂಡ ತೀರಿಕೊಂಡು, ಭರಮಸಾಗರದಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡು ತನ್ನ ಪಾಡಿಗೆ ತಾನಿದ್ದಳು. ಈಗ ರಸ್ತೆ ಬದಿಯ ಹೊಲವನ್ನು ಅಣ್ಣ ಲೇಔಟ್ ಮಾಡುವವರಿಗೆ ಮಾರಲು ಮಾತಾಡಿದ್ದಾನೆ, ಅಡ್ವಾನ್ಸ್ ಕೂಡ ತಗೊಂಡಿದ್ದಾನೆ ಅಂತ ಗೊತ್ತಾಯಿತು. ಆಗ ಹೋಗಿ ಕೇಳಿದಳು. ಅವನು ಅರಿಶಿನ ಕುಂಕುಮ, ಒಂದು ಸೀರೆ ಕೊಟ್ಟು ಕಳಿಸಿದ. ಅವಳು ಸೀರೆಯನ್ನು ಅಲ್ಲೇ ಕಟ್ಟೆ ಮೇಲಿಟ್ಟು, ಸೀದಾ ವಕೀಲರ ಹತ್ತಿರ ಹೋದಳು.

ನನಗೆ ಅವಳ ಮೇಲೆ ಹೆಮ್ಮೆ ಬಂದದ್ದು ಆಗ.

ಪಾಲಿನ ಕೇಸು ಹಾಕಿದ್ದಾಯಿತು. ಹೊಲ ಮಾರಬಾರದು ಅಂತ ಒಂದು ತಡೆಯಾಜ್ಞೆ ಬೇಕಿತ್ತು. ಎದುರು ಪಾರ್ಟಿಗೆ ನೋಟಿಸ್ ಮುಟ್ಟಲಿ, ಅವರ ಮಾತೂ ಕೇಳಿ ನೋಡೋಣ ಅಂದಿತು ಕೋರ್ಟು. ನ್ಯಾಯವೇ. ಆದರೆ ನೋಟಿಸ್ ಮುಟ್ಟಬೇಕಲ್ಲ? ಎರಡು ಸಲ ಹೋಯಿತು. ಎರಡು ಸಲವೂ ‘ಪ್ರತಿವಾದಿ ಊರಲ್ಲಿಲ್ಲ’ ಎಂಬ ಷರಾ ಹೊತ್ತುಕೊಂಡು ವಾಪಸ್ ಬಂತು. ಇತ್ತ ಲೇಔಟಿನವರು ರಿಜಿಸ್ಟ್ರೇಷನ್ನಿಗೆ ದಿನ ನೋಡುತ್ತಿದ್ದರು. ಒಮ್ಮೆ ರಿಜಿಸ್ಟರ್ ಆಗಿ, ಜೆಸಿಬಿ ಇಳಿದು, ಸೈಟು ಮಾಡಿ, ನೂರು ಜನಕ್ಕೆ ಮಾರಿದ ಮೇಲೆ ಗಿರಿಜಕ್ಕ ಯಾರ ಹತ್ತಿರ ಪಾಲು ಕೇಳುವುದು? ಎಷ್ಟು ವರ್ಷ ಅಲೆಯುವುದು?

ಊರಲ್ಲಿಲ್ಲದ ಪ್ರತಿವಾದಿ ದಿನಾ ಬೆಳಿಗ್ಗೆ ಡೈರಿಯಲ್ಲಿ ಕೂತು ಹಾಲಿನ ಡಿಗ್ರಿ ನೋಡುತ್ತಿದ್ದ. ಅದು ಊರಿಗೆಲ್ಲ ಗೊತ್ತಿತ್ತು.

ನಮ್ಮ ಕಡೆ ಇದೊಂದು ಕಲೆ. ನೋಟಿಸ್ ತಪ್ಪಿಸಿಕೊಳ್ಳುವ ಕಲೆ. ಹೊಳಲ್ಕೆರೆಯಲ್ಲಿ ನನಗೆ ಗೊತ್ತಿರುವ ಒಬ್ಬ ಮಹಾಶಯರು ಕೋರ್ಟಿನ ಕವರು ಮುಟ್ಟಿದರೆ ಕೇಸು ಅಂಟಿಕೊಳ್ಳುತ್ತೆ ಅಂತ ನಂಬಿ, ಪೋಸ್ಟ್‌ಮನ್ ಬೀದಿ ತಿರುವಿನಲ್ಲಿ ಕಂಡರೆ ಸಾಕು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾರೆ. ಹೊಸದುರ್ಗದಲ್ಲಿ ಒಬ್ಬರು, ಬಾಗಿಲಿಗೆ ನೋಟಿಸ್ ಅಂಟಿಸುತ್ತಾರಂತೆ ಅಂತ ಯಾರೋ ಹೇಳಿದ್ದಕ್ಕೆ, ಬೀದಿ ಬಾಗಿಲನ್ನೇ ಬಿಚ್ಚಿಸಿ ಹಿತ್ತಲಲ್ಲಿ ಒರಗಿಸಿದರು. ಬಾಗಿಲಿದ್ದರೆ ತಾನೆ ಅಂಟಿಸೋದು? ವಾರವಿಡೀ ಬೀದಿನಾಯಿಗಳು ಅಡುಗೆಮನೆಯವರೆಗೂ ಓಡಾಡಿದವು. ನೋಟಿಸನ್ನು ಗೋಡೆಗೆ ಅಂಟಿಸಿ ಹೋದರು. ಗೋಡೆಯನ್ನು ಬಿಚ್ಚುವುದು ಅವರಿಗೆ ಸಾಧ್ಯವಾಗಲಿಲ್ಲ, ಪಾಪ.

ಓದಿದವರು ಕಮ್ಮಿಯೇನಲ್ಲ. ದುರ್ಗದಲ್ಲಿ ನಮ್ಮ ಬೀದಿಯಲ್ಲೇ ಒಬ್ಬ ರಿಟೈರ್ಡ್ ಆಫೀಸರು, ಸರ್ವಿಸಿನಲ್ಲಿ ಎಷ್ಟು ಜನಕ್ಕೆ ಮೆಮೋ ಕೊಟ್ಟರೋ ಲೆಕ್ಕವಿಲ್ಲ, ಈಗ ಕಾಲಿಂಗ್ ಬೆಲ್ ಆದರೆ ಕಿಟಕಿಯ ಕರ್ಟನ್ ಸಂದಿಯಿಂದ ಒಂದೇ ಕಣ್ಣು ಇಟ್ಟು ನೋಡುತ್ತಾರೆ. ನಾನು ಹಬ್ಬಕ್ಕೆ ಹೋಳಿಗೆ ಕೊಡಲು ಹೋದರೂ ಒಂದೇ ಕಣ್ಣು.

ತಿಪ್ಪಣ್ಣ ಇವರೆಲ್ಲರಿಗಿಂತ ಒಂದು ಕೈ ಮುಂದೆ. ವಾಟ್ಸಾಪಿನಲ್ಲೂ ನೋಟಿಸ್ ಬರುತ್ತೆ ಅಂತ ಯಾರೋ ಕಿವಿಯಲ್ಲಿ ಊದಿದರು. ಅವತ್ತೇ ನಮ್ಮ ಫ್ಯಾಮಿಲಿ ಗ್ರೂಪಿನಿಂದ ಎಕ್ಸಿಟ್ ಆದ. ಅದಕ್ಕೆ ಮುಂಚೆ ಅವನದು ದಿನಾ ಒಂದು ಗುಲಾಬಿ ಹೂವು, ಒಂದು ಟೀ ಕಪ್ಪು, ಒಂದು ಶುಭೋದಯ. ತಂಗಿಗೆ ಪಾಲು ಕೊಡುವ ಮಾತು ಬಂದದ್ದೇ ತಡ, ಶುಭೋದಯ ನಿಂತಿತು. ಗ್ರೂಪಿಗಂತೂ ಒಳ್ಳೆಯದೇ ಆಯಿತು.

ಇನ್ನು ನೋಟಿಸ್ ಕೊಡುವವರ ಕಡೆ ಬರೋಣ. ಯಾವ ಕೋರ್ಟು ಅಂತ ಕೇಳಬೇಡಿ, ಹೇಳಲ್ಲ. ಅಮೀನರು ಕೋರ್ಟಿನ ಕಾಗದವನ್ನು ಪಾರ್ಟಿಯ ಕೈಗೆ ಕೊಟ್ಟು, ಸಹಿ ಹಾಕಿಸಿಕೊಂಡು ಬರಬೇಕಾದ ನೌಕರರು. ಅವರ ಕೆಲಸ ಅದು. ಆದರೆ ಯಾರು ಎದುರುದಾರ ಅಂತ ತೋರಿಸಿಕೊಡೋಕೆ ಕೇಸು ಹಾಕಿದವರು ಜೊತೆಗೆ ಬರಬೇಕಂತೆ. ಬರುವುದಲ್ಲದೆ ಕರಕೊಂಡೂ ಹೋಗಬೇಕಂತೆ. ಇದು ಯಾವ ಕಾನೂನಿನಲ್ಲಿದೆ ಅಂತ ಕೇಳಿದೆ.

“ರೂಢಿ ಮೇಡಂ,” ಅಂದರು ಅಮೀನರು.

ರೂಢಿಯ ಪ್ರಕಾರ ನಾನು ಚಿತ್ರದುರ್ಗದಿಂದ ಕಾರು ತಂದೆ. ರೂಢಿಯ ಪ್ರಕಾರ ದಾರಿಯಲ್ಲಿ ದೋಸೆ ಆಯಿತು. ಅದಾದ ಮೇಲೆ ಕಾಫಿ. ಬೆಲ್ಟ್ ಹಾಕಿಕೊಳ್ಳಿ ಅಂದರೆ, “ಯಾರು ಹಿಡೀತಾರೆ ಬಿಡ್ರಿ, ಕೋರ್ಟಿನೋರು ನಾವು,” ಅಂದರು. ಧರ್ಮಪುರದ ಕಡೆ ತಿರುಗುವ ಹೊತ್ತಿಗೆ ಅವರಿಗೆ ಜೊಂಪು. ಹಿಂದೆ ಗಿರಿಜಕ್ಕ ಸೀಟಿನ ತುದಿಯಲ್ಲಿ ಕೂತು ಸೆರಗಿನ ಅಂಚನ್ನು ಸುತ್ತುತ್ತಾ ಇದ್ದಳು. ತವರಿನ ದಾರಿ ಅವಳಿಗೆ. ಈ ದಾರಿಯಲ್ಲಿ ಅವಳು ಹೂವು, ಹಣ್ಣು ಇಲ್ಲದೆ ಬಂದದ್ದು ಇದೇ ಮೊದಲು.

“ಅಣ್ಣ ಸಿಗ್ತಾನೇನೆ?” ಅಂದಳು.

“ಸಿಗದೆ ಎಲ್ಲಿಗೋಗ್ತಾನೆ, ನೋಡಾಣ,” ಅಂದೆ. ಧೈರ್ಯ ನನಗೂ ಇರಲಿಲ್ಲ.

ಊರಿನ ಬಾಗಿಲಲ್ಲಿ ಟೀ ಅಂಗಡಿ. ಅಲ್ಲಿ ನಾಲ್ಕೈದು ಜನ ಕೂತಿದ್ದವರು ಕಾರಿನ ಒಳಗೆ ಬಗ್ಗಿ ನೋಡಿದರು. ಅಮೀನರ ತೊಡೆಯ ಮೇಲಿದ್ದ ಬ್ಯಾಗನ್ನು ನೋಡಿದರು. ಅಷ್ಟೇ. ನಾನು ಗೇರು ಬದಲಾಯಿಸುವುದರೊಳಗೆ ಒಬ್ಬನ ಕಿವಿಗೆ ಫೋನು ಹೋಗಿತ್ತು. ನಮ್ಮ ಹಳ್ಳಿಗಳಿಗೆ ಆಂಬುಲೆನ್ಸ್ ತಡವಾಗಿ ಬರಬಹುದು, ಬಸ್ಸು ಬಾರದೆಯೂ ಇರಬಹುದು. ಅಮೀನ ಬಂದ ಸುದ್ದಿ ಮಾತ್ರ ಅಮೀನನಿಗಿಂತ ಮೊದಲು ಬರುತ್ತೆ.

ದೊಡ್ಡಪ್ಪನ ಬೀದಿಗೆ ತಿರುಗಿದರೆ ಒಬ್ಬ ಗಂಡಸೂ ಇಲ್ಲ. ಒಬ್ಬನೂ. ಜಗುಲಿಗಳ ಮೇಲೆ ಅರ್ಧ ಕುಡಿದ ಲೋಟಗಳು. ಒಂದು ಬೀಡಿ ಇನ್ನೂ ಹೊಗೆಯಾಡುತ್ತಿತ್ತು. ತಿಪ್ಪಣ್ಣ ಓಡುವುದು ಸರಿ, ಉಳಿದವರು ಯಾಕೆ ಓಡಿದರು? ಅಮೀನರೇ ಹೇಳಿದರು. ಪಾರ್ಟಿ ಸಿಗದಿದ್ದರೆ ನೋಟಿಸನ್ನು ಬಾಗಿಲಿಗೆ ಅಂಟಿಸಬಹುದು, ಅದಕ್ಕೆ ಅಕ್ಕಪಕ್ಕದವರ ಸಾಕ್ಷಿ ಸಹಿ ಬೇಕು. ಸಾಕ್ಷಿ ಹಾಕಿದವನು ಊರಲ್ಲಿ ಕೆಟ್ಟವನಾಗುತ್ತಾನೆ. ಅದಕ್ಕೆ ಇಡೀ ಬೀದಿಯ ಗಂಡಸರು ಒಟ್ಟಾಗಿ ಹಿತ್ತಲು ಹಾರಿದ್ದರು. ಊರಿನ ಒಗ್ಗಟ್ಟು ಅಂದರೆ ಇದೇ ನೋಡಿ. ಚರಂಡಿ ತೋಡಲು ಕರೆದರೆ ಇಬ್ಬರು ಬರಲ್ಲ.

ಹೆಂಗಸರು ಮಾತ್ರ ಇದ್ದರು. ಆರಾಮಾಗಿ ಅಕ್ಕಿ ಆರಿಸುತ್ತಾ, ತಲೆ ಬಾಚುತ್ತಾ, ನಮ್ಮನ್ನೇ ನೋಡುತ್ತಾ.

“ಇವರೆಲ್ಲ ಯಾಕೆ ಓಡಲಿಲ್ಲ?” ಅಂತ ಗಿರಿಜಕ್ಕನನ್ನು ಕೇಳಿದೆ.

“ಹೆಂಗಸ್ರ ಸಹಿ ಕೋರ್ಟಿನಾಗೆ ನಡೆಯಲ್ಲ ಅಂತ ಇಲ್ಲಿ ಎಲ್ರಿಗೂ ಗೊತ್ತೈತಲ್ಲ,” ಅಂದಳು.

ಹಾಗಂತ ಆ ಊರಿನ ನಂಬಿಕೆ. ಆ ಊರಿನದು ಮಾತ್ರವಲ್ಲ, ಸುತ್ತಮುತ್ತಲ ಊರುಗಳದ್ದೂ. ಆಮೇಲೆ ವಕೀಲರನ್ನು ಕೇಳಿದೆ. ಹಿಂದೆ ಯಾವುದೋ ಕಾಲದಲ್ಲಿ ಹಾಗೇ ಇತ್ತಂತೆ. ಮನೆಯ ಯಜಮಾನ ಇಲ್ಲದಿದ್ದರೆ ಅವನ ಜೊತೆ ವಾಸವಿರುವ ದೊಡ್ಡ ಗಂಡಸಿಗೆ ಮಾತ್ರ ನೋಟಿಸ್ ಕೊಡಬೇಕು. ಅದು ಬದಲಾಗಿ ದಶಕಗಳೇ ಕಳೆದವು. ಗಂಡೋ ಹೆಣ್ಣೋ, ಮನೆಯ ವಯಸ್ಸಿಗೆ ಬಂದ ಯಾರಾದರೂ ತಗೋಬಹುದು. ಆದರೆ ಕಾನೂನು ಬದಲಾದ ನೋಟಿಸನ್ನು ಈ ಊರಿಗೆ ಯಾವ ಅಮೀನರೂ ಜಾರಿ ಮಾಡಿಲ್ಲ.

ದೊಡ್ಡಪ್ಪನ ಮನೆ ಹತ್ತಿರ ಬರುವ ಹೊತ್ತಿಗೆ ಗಿರಿಜಕ್ಕ ಕಾರಿನ ಕಿಟಕಿಯಿಂದ ಆಚೆ ಬೆರಳು ತೋರಿಸಿದಳು. ಮನೆಗೆ ಅಂಟಿಕೊಂಡೇ ಇರುವ ಹೊಲ. ಹಸಿರು ಶೇಂಗಾ. ನಡುವೆ ಬಿಳಿ ಅಂಗಿ.

ಅಮೀನರಿಗೂ ಕಂಡಿತು. ಕಂಡರೂ ಆಕಾಶ ನೋಡಿದರು. “ಏನ್ ಬಿಸಿಲು ಮೇಡಂ,” ಅಂದರು.

“ಅಲ್ಲಿ ಮಲಗಿರೋರೇ ನಿಮ್ಮ ಪಾರ್ಟಿ,” ಅಂದೆ.

“ಮಲ್ಗಿರೋರ್ನ ಎಬ್ಬಿಸಾಕೆ ನಮಗೆ ಪವರ್ ಇಲ್ಲ.”

ಇವರಿಗೆ ಪವರ್ ಇರುವುದು ದೋಸೆ ತಿನ್ನಲು ಮಾತ್ರ ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಗಿರಿಜಕ್ಕ ಅಷ್ಟರಲ್ಲಿ ಇಳಿದು ಬದುವಿನ ಮೇಲೆ ನಡೆದು ಹೋಗಿದ್ದಳು. ನಾವೂ ಹಿಂದೆ ಹೋದೆವು. ಅವಳು ಅಂಗಿಯಿಂದ ಸ್ವಲ್ಪ ದೂರದಲ್ಲಿ ನಿಂತಳು. ಜಗಳದ ದನಿಯಲ್ಲ, ಬೆಳಿಗ್ಗೆ ಕಾಫಿಗೆ ಎಬ್ಬಿಸುವ ದನಿ.

“ಅಣ್ಣಾ, ಎದ್ದೇಳು. ಇರುವೆ ಕಡೀತವೆ.”

ಅಂಗಿ ಅಲುಗಾಡಲಿಲ್ಲ.

“ಏನೂ ಮಾಡಲ್ಲ ಅವ್ರು. ಒಂದು ಪೇಪರ್ ಕೊಡ್ತಾರೆ. ತಗಂಬಿಡು.”

ಕಡೆಗೂ ಇರುವೆ ಕಡಿದಿರಬೇಕು. ತಿಪ್ಪಣ್ಣ ಎದ್ದ. ಎದೆಯಿಂದ ಹೊಟ್ಟೆಯವರೆಗೂ ಕೆಮ್ಮಣ್ಣು. ಬೆರಳಲ್ಲಿ ಎರಡು ಉಂಗುರ. ಕೈಯಲ್ಲಿ ಎರಡು ಎಳೆ ಹುಲ್ಲು ಕಿತ್ತು ಹಿಡಿದುಕೊಂಡಿದ್ದ, ಕಳೆ ಕೀಳುತ್ತಿದ್ದವನ ಹಾಗೆ. ನಮ್ಮಿಬ್ಬರನ್ನೂ ಬಿಟ್ಟು ಅಮೀನರನ್ನು ಮಾತ್ರ ನೋಡಿದ.

“ತಿಪ್ಪೇಸ್ವಾಮಿ ಅಂದ್ರೆ ತಾವೇನಾ?” ಅಮೀನರು ಕೇಳಿದರು.

“ಅಲ್ಲ. ನಾನು ಕೂಲಿಗೆ ಬಂದೋನು.”

ನಾನು ಕೇಳಿದ್ದು ಸರಿಯಾ ಅಂತ ಗಿರಿಜಕ್ಕನ ಮುಖ ನೋಡಿದೆ. ಸರಿಯಾಗಿಯೇ ಕೇಳಿದ್ದೆ.

“ಈ ಅಮ್ಮ ನಿಮ್ಮ ತಂಗಿ ಅಂತಾರಲ್ಲ?”

“ಯಾರೋ ಏನೋ. ನಾ ಕಂಡಿಲ್ಲ.”

ಓದುಗರೇ, ಅವಳು ಯಾರು ಅಂತ ನಾನು ಹೇಳುತ್ತೇನೆ. ಚಿಕ್ಕಂದಿನಲ್ಲಿ ಇವನೇ ಎಮ್ಮೆ ಮೇಲೆ ಕೂರಿಸಿ ಕೆರೆ ಏರಿ ಸುತ್ತಿಸಿದ ತಂಗಿ. ಗಂಡ ಸತ್ತಾಗ ಅವಳ ತಲೆ ಮೇಲೆ ಕೈಯಿಟ್ಟು ನಾನಿದ್ದೀನಿ ಅಂದಿದ್ದ ಅಣ್ಣ. ಆಸ್ತಿ ಕೊಡಲ್ಲ ಅನ್ನಲಿ, ಜಗಳವಾಡಲಿ, ನಾನು ಬೇಡ ಅನ್ನಲ್ಲ. ನಾ ಕಂಡಿಲ್ಲ ಅನ್ನಬಹುದಾ? ಒಂದು ಹಾಳೆ ತಪ್ಪಿಸಿಕೊಳ್ಳೋಕೆ ಮನುಷ್ಯ ತಂಗಿಯನ್ನೇ ಅಳಿಸಿ ಹಾಕಿಬಿಡಬಹುದಾ?

ಗಿರಿಜಕ್ಕ ಅಳಲಿಲ್ಲ. “ಇವನೇ ನಮ್ಮಣ್ಣ,” ಅಂತ ಅಮೀನರಿಗೆ ಹೇಳಿದಳು, ಒಂದೇ ಸಲ.

“ನೀವು ಹೌದಂತೀರ, ಅವರು ಅಲ್ಲಂತಾರೆ. ಆಧಾರ್ ಕೇಳಾಕೆ ನಾನೇನು ಪೊಲೀಸಾ?” ಅಮೀನರು ಬದು ದಾಟಿ ಮನೆಯ ಕಡೆ ಹೊರಟೇಬಿಟ್ಟರು. ಅವರ ತಲೆಯಲ್ಲಿ ಷರಾ ಆಗಲೇ ತಯಾರಾಗಿತ್ತು. ಪೆನ್ನಿನ ಕ್ಯಾಪು ತೆಗೆದಿದ್ದರು. ಇನ್ನೊಂದು ತಾರೀಕು, ಇನ್ನೊಂದು ದೋಸೆ. ಅಷ್ಟರಲ್ಲಿ ಹೊಲ ರಿಜಿಸ್ಟರ್.

ಮನೆಯ ಮುಂದೆ ರತ್ನತ್ತಿಗೆ ನಿಂತಿದ್ದರು. ತಿಪ್ಪಣ್ಣನ ಹೆಂಡತಿ. ಗಡಿಯಾಚೆ ಆಂಧ್ರದ ಊರಿನವರು. ಮದುವೆಯಾಗಿ ಇಷ್ಟು ವರ್ಷವಾದರೂ ಮಾತಿನ ನಡುವೆ ತೆಲುಗು ಇಣುಕುತ್ತೆ. ನಾನು ಈ ಮನೆಗೆ ಎಷ್ಟು ಸಲ ಬಂದಿದ್ದೀನೋ, ಅವರು ಅಡುಗೆಮನೆಯಿಂದ ಹೊರಗೆ ಬಂದು ಐದು ನಿಮಿಷ ಕೂತದ್ದು ನೋಡಿಲ್ಲ. ಹಿಂದಿನ ಎರಡು ಸಲ ಅಮೀನರು ಬಂದಾಗ ಒಳಗಿನಿಂದಲೇ “ಗಂಡಸ್ರು ಇಲ್ಲ” ಅಂತ ಅವರಿಂದ ಹೇಳಿಸಿ ಕಳಿಸಿದ್ದು ತಿಪ್ಪಣ್ಣನೇ, ಬಾಗಿಲ ಹಿಂದೆ ನಿಂತುಕೊಂಡು.

ಈ ಸಲ ಕೂಲಿಯವನು ನಮ್ಮ ಹಿಂದೆಯೇ ಬಂದು, ಹುಲ್ಲಿನ ಬಣವೆಯ ಪಕ್ಕ ನಿಂತ. ಹೆಂಡತಿ ಕಣ್ಣಳತೆಯಲ್ಲೇ ಇರಲಿ ಅಂತ. ಅಮೀನರು ಕೇಳುವ ಮೊದಲೇ ಅವನೇ ಶುರು ಮಾಡಿದ.

“ಯಜಮಾನ್ರು ಊರಾಗಿಲ್ಲ. ಯಾವಾಗ ಬರ್ತಾರೋ ಯಾರಿಗೂ ಗೊತ್ತಿಲ್ಲ. ಮನ್ಯಾಗೆ ಹೆಂಗಸ್ರು ಮಾತ್ರ ಅವ್ರೆ.”

ಅಮೀನರು ಬರೆದುಕೊಂಡರು. “ಹೌದೇನಮ್ಮ?”

ರತ್ನತ್ತಿಗೆ ಗಂಡನನ್ನು ನೋಡಿದರು. ಮಣ್ಣು ಮೆತ್ತಿದ ಅಂಗಿ, ಕೈಯಲ್ಲಿ ಇನ್ನೂ ಬಿಡದ ಹುಲ್ಲು. ಆಮೇಲೆ ಗಿರಿಜಕ್ಕನನ್ನು ನೋಡಿದರು. ಅವಳು ಅಂಗಳದಲ್ಲಿ ನಿಂತಿದ್ದಳು, ಮೆಟ್ಟಿಲು ಹತ್ತಿರಲಿಲ್ಲ. ತವರುಮನೆಯ ಅಂಗಳದಲ್ಲಿ ಹೊರಗಿನವಳ ಹಾಗೆ.

“ಹೌದು. ಊರಾಗಿಲ್ಲ,” ಅಂದರು ಅತ್ತಿಗೆ.

ತಿಪ್ಪಣ್ಣ ತಲೆಯಾಡಿಸಿದ. ನನಗೆ ಸಿಟ್ಟು ಬಂತು. ಇವರೂ ಅಷ್ಟೇ ಅಂದುಕೊಂಡೆ.

“ಆ ಕಾಯಿತ ನನ್ ಕೈಗೆ ಕೊಡಾಕೆ ಬರುತ್ತಾ?” ಅಂತ ಅತ್ತಿಗೆ ಕೇಳಿದರು.

ಅಮೀನರ ಪೆನ್ನು ನಿಂತಿತು. “ನೀವು ಯಾರಾಗಬೇಕು?”

“ತಿಪ್ಪೇಸ್ವಾಮಿ ಹೆಂಡ್ತಿ. ಈ ಮನ್ಯಾಗೇ ಇರೋದು.”

“ಕೊಡಬಹುದು. ಯಜಮಾನ್ರು ಊರಲ್ಲಿಲ್ಲ, ಯಾವಾಗ ಬರ್ತಾರೋ ಗೊತ್ತಿಲ್ಲ ಅಂದ್ರೆ ಮನೆಯೋರು ಯಾರಾದ್ರೂ ತಗೋಬಹುದು.”

“ಇದನ್ನ ಮೊದಲೆರಡು ಸಲ ಯಾಕೆ ಹೇಳಲಿಲ್ಲ?” ಅಂತ ಕೇಳಿದೆ. ತಡೆಯಲಾಗಲಿಲ್ಲ.

“ಯಾರೂ ಕೇಳಲಿಲ್ಲ ಮೇಡಂ.”

ಕೇಳಿದಿರಾ? ಯಾರೂ ಕೇಳಲಿಲ್ಲವಂತೆ. ಎರಡು ತಾರೀಕು, ಎಷ್ಟೋ ವಾರ, ಗಿರಿಜಕ್ಕನ ನಿದ್ದೆ, ಎಲ್ಲ ಹೋದದ್ದು ಯಾರೂ ಕೇಳದ ಕಾರಣಕ್ಕೆ. ಬಾಗಿಲ ಆಚೆ ಒಬ್ಬ ಹೆಂಗಸು ನಿಂತಿರುತ್ತಾಳೆ ಅನ್ನುವುದು ಓಡಿದ ಗಂಡಸರ ಲೆಕ್ಕದಲ್ಲೂ ಇಲ್ಲ, ಓಡಿಸಿಕೊಂಡು ಬಂದ ಗಂಡಸಿನ ಲೆಕ್ಕದಲ್ಲೂ ಇಲ್ಲ.

ಬಣವೆಯ ಕಡೆಯಿಂದ ಕೆಮ್ಮು ಬಂತು. “ಅಮ್ಮಾರೆ, ಯಜಮಾನ್ರು ಬಂದ್ ಮ್ಯಾಲೆ ಬೈತಾರೆ ನಿಮ್ಗೆ,” ಅಂದ ಕೂಲಿಯವನು.

“ಪರ್ವಾಲೇದು,” ಅಂದರು ಅತ್ತಿಗೆ. “ಅವ್ರು ಬಂದಾಗ ನಾ ಹೇಳ್ಕೊಂತೀನಿ. ನೀ ಹೋಗಿ ಕಳೆ ಕೀಳಪ್ಪ.”

ಆ ಕ್ಷಣದ ತಿಪ್ಪಣ್ಣನ ಮುಖವನ್ನು ಏನು ಹೇಳಲಿ. ತಡೆಯಬೇಕು. ತಡೆಯಲು ಅವನು ಯಾರು? ತಡೆಯಬೇಕಾದರೆ ಗಂಡ ಅನ್ನಬೇಕು. ಗಂಡ ಅಂದರೆ ತಿಪ್ಪೇಸ್ವಾಮಿ ಆಗಬೇಕು. ತಿಪ್ಪೇಸ್ವಾಮಿ ಆದರೆ ಅಮೀನರು ಅಲ್ಲೇ ಕೈಗೆ ನೋಟಿಸ್ ಇಡುತ್ತಾರೆ. ಬಾಯಿ ತೆರೆದ, ಮುಚ್ಚಿದ. ಆಮೇಲೆ ಮುಖದಲ್ಲಿ ಒಂದು ಸಮಾಧಾನ ಬಂತು. ಹೆಂಗಸಿನ ಸಹಿ ತಾನೆ, ಹಾಕಿದರೆ ಹಾಕಿಕೊಳ್ಳಲಿ, ನಡೆಯಲ್ಲ ಬಿಡು ಅನ್ನುವ ಸಮಾಧಾನ.

ಅತ್ತಿಗೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಕಟ್ಟೆಯ ಮೇಲೆ ಹಾಳೆ ಇಟ್ಟು, ನಿಧಾನವಾಗಿ ಸಹಿ ಹಾಕಿದರು. ಕನ್ನಡದಲ್ಲಿ. ಅವರ ಓದು ತೆಲುಗಿನದು. ಕನ್ನಡ ಅಕ್ಷರವನ್ನು ಮಕ್ಕಳ ಹೋಂವರ್ಕ್ ಮಾಡಿಸುತ್ತಾ ಕಲಿತದ್ದು ಅಂತ ಆಮೇಲೆ ಗಿರಿಜಕ್ಕ ಹೇಳಿದಳು.

ಇಲ್ಲಿಗೆ ಮುಗಿಯಿತು ಅಂದುಕೊಂಡಿರಾ? ಅಮೀನರಿಗೆ ಸಾಕ್ಷಿ ಬೇಕಿತ್ತು. ಹೆಂಡತಿಯ ಕೈಗೆ ಕೊಟ್ಟದ್ದನ್ನು ಕಂಡವರು ಯಾರಾದರೂ ಇರಲಿ, ನಾಳೆ ನನ್ನ ತಲೆಗೆ ಬರಬಾರದು ಅಂದರು. ನಾನು ಹಾಕುತ್ತೇನೆ ಅಂದರೆ ನೀವು ವಾದಿ ಕಡೆಯವರು, ಬೇಡ ಅಂದರು. ಸುತ್ತ ನೋಡಿದರು. ಇಡೀ ಬೀದಿಗೆ ಇದ್ದ ಗಂಡಸು ಒಬ್ಬನೇ. (ಸಾಕ್ಷಿಗೆ ಮಾತ್ರ ಗಂಡಸೇ ಯಾಕೆ ಬೇಕು ಅಂತ ಕೇಳಬೇಡಿ. ರೂಢಿ.)

“ಏ, ಬಾರಪ್ಪ ಇಲ್ಲಿ. ಒಂದು ಸಹಿ ಹಾಕು.”

“ನಂಗೆ ಓದಾಕೆ ಬರಲ್ಲ.”

“ಹೆಬ್ಬೆಟ್ಟು ಒತ್ತು ಹಂಗಾದ್ರೆ.” ಅಮೀನರು ಬ್ಯಾಗಿನಿಂದ ಇಂಕ್ ಪ್ಯಾಡ್ ತೆಗೆದೇಬಿಟ್ಟರು. “ಹೆಸರೇನು?”

ಅವನು ಗಂಟಲು ಸರಿಮಾಡಿಕೊಂಡ. “ತಿಮ್ಮಪ್ಪ.”

ಹಾಲಿನ ಡೈರಿಯ ಚೆಕ್ಕುಗಳಿಗೆ ಇಂಗ್ಲಿಷಿನಲ್ಲಿ ಸುರುಳಿ ಸುರುಳಿಯಾಗಿ ಸಹಿ ಹಾಕುವ ಮನುಷ್ಯ, ಹೆಂಡತಿಯ ಎದುರು, ತಂಗಿಯ ಎದುರು, ಪ್ಯಾಡಿಗೆ ಹೆಬ್ಬೆರಳು ಒತ್ತಿ ತಿಮ್ಮಪ್ಪನಾದ. ನಿರಾಕರಿಸಿದರೆ ಮಾತು ಬೆಳೆಯುತ್ತೆ, ಒತ್ತಿದರೆ ಇವರು ತೊಲಗುತ್ತಾರೆ ಅಂತ ಲೆಕ್ಕ ಹಾಕಿರಬೇಕು. ಬುದ್ಧಿವಂತ ಅಂತ ಊರಲ್ಲಿ ಹೆಸರು ಅವನಿಗೆ. ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ನಗುವೋ ಅಳುವೋ ನನಗೆ ಗೊತ್ತಾಗಲಿಲ್ಲ.

ನೀರು ಕೊಡುವ ನೆಪದಲ್ಲಿ ಅವರು ಹೊರಗೆ ಬಂದಾಗ, ತಿಪ್ಪಣ್ಣ ಬೆರಳಿನ ಇಂಕನ್ನು ಬಣವೆಗೆ ಒರೆಸುತ್ತಿದ್ದ. ಗಿರಿಜಕ್ಕನಿಗೆ ಚೊಂಬು ಕೊಡುತ್ತಾ ಅತ್ತಿಗೆ ತಗ್ಗಿದ ದನಿಯಲ್ಲಿ ಹೇಳಿದರು. “ನಿಂಗೋಸ್ಕರ ಅಂತ ತಿಳ್ಕಾಬ್ಯಾಡ ಗಿರಿಜಾ. ನಂಗೂ ಇಬ್ರು ಹೆಣ್ಮಕ್ಳು ಅವ್ರೆ. ಅಪ್ಪ ಎಲ್ಲಾ ಮಾರ್ಕೊಂಡ ಮ್ಯಾಲೆ ಅವು ಯಾರ್ ಮ್ಯಾಲೆ ಕೇಸ್ ಹಾಕ್ಬೇಕು?”

ಗಿರಿಜಕ್ಕ ನೀರು ಕುಡಿದಳು. ಚೊಂಬು ವಾಪಸ್ ಕೊಡುವಾಗ ಅತ್ತಿಗೆಯ ಕೈಯನ್ನು ಒಂದು ಕ್ಷಣ ಹಿಡಿದುಕೊಂಡಳು.

ವಾಪಸ್ ಬರುವಾಗ ಅಮೀನರು ಖುಷಿಯಾಗಿದ್ದರು. ಕಷ್ಟದ ಪಾರ್ಟಿಗೆ ಜಾರಿ ಮಾಡಿದೆ, ಸಾಹೇಬರು ಮೆಚ್ಚುತ್ತಾರೆ ಅಂದರು. ತಾನೇ ಮಾಡಿದವರ ಹಾಗೆ. ಹೆದ್ದಾರಿಗೆ ಬಂದ ಮೇಲೆ ಕನ್ನಡಿಯಲ್ಲಿ ಗಿರಿಜಕ್ಕನನ್ನು ನೋಡಿದೆ. ಅಳುತ್ತಿದ್ದಳು.

“ಕೆಲಸ ಆಯ್ತಲ್ಲಕ್ಕಾ,” ಅಂದೆ.

“ನಾ ಕಂಡಿಲ್ಲ ಅಂದ್ಬಿಟ್ಟ ಕಣೆ,” ಅಂದಳು. ಹೊಲದ ಪಾಲನ್ನು ಕೋರ್ಟು ಕೊಡಿಸಬಹುದು. ಇದನ್ನು ಯಾವ ಕೋರ್ಟು ಕೊಡಿಸುತ್ತೆ?

ತಾರೀಕಿನ ದಿನ ತಿಪ್ಪಣ್ಣ ಬಂದ. ಇನ್ನೊಂದು ಇಸ್ತ್ರಿ ಅಂಗಿ. ಅವನ ವಕೀಲರು ಎದ್ದು ನಿಂತು, ನೋಟಿಸ್ ಸರಿಯಾಗಿ ಜಾರಿಯಾಗಿಲ್ಲ, ಹೆಂಡತಿಯ ಸಹಿ ಆಕೆಯದಲ್ಲ, ಎಲ್ಲ ಅಮೀನರು ತಮ್ಮ ಮನೆಯಲ್ಲಿ ಕೂತು ಬರೆದದ್ದು ಅಂದರು. ನಮ್ಮ ವಕೀಲರು ಹೆಚ್ಚು ಮಾತಾಡಲಿಲ್ಲ. ಸ್ಥಳದಲ್ಲಿ ತಿಮ್ಮಪ್ಪ ಎಂಬ ಸಾಕ್ಷಿಯ ಹೆಬ್ಬೆಟ್ಟಿದೆ, ಅದು ಪ್ರತಿವಾದಿಯದೇ ಅಂತ ನಮ್ಮ ಹೇಳಿಕೆ, ಈಗಲೇ ಇಲ್ಲೇ ಹೋಲಿಸಿ ನೋಡಲು ನಮ್ಮ ಅಭ್ಯಂತರವಿಲ್ಲ ಅಂದರು. ತಿಪ್ಪಣ್ಣ ಹೆಬ್ಬೆಟ್ಟು ಒತ್ತಿದ್ದ ಕೈಯನ್ನು ಪ್ಯಾಂಟಿನ ಜೇಬಿಗೆ ಇಳಿಸಿದ. ಅವನ ವಕೀಲರು ಕಕ್ಷಿದಾರನ ಕಡೆ ತಿರುಗಿ ಏನೋ ಕೇಳಿದರು. ಅವನು ಏನೋ ಹೇಳಿದ. ವಕೀಲರು ಕೂತರು. ಆ ವಾದ ಅಲ್ಲಿಗೆ ಬಿತ್ತು.

ಹೊಲ ಮಾರದಂತೆ ಆದೇಶ ಸಿಕ್ಕಿತು. ಲೇಔಟಿನವರು ಅಡ್ವಾನ್ಸ್ ವಾಪಸ್ ಕೇಳುತ್ತಿದ್ದಾರಂತೆ. ಕೇಸು ಇನ್ನೂ ನಡೆಯುತ್ತೆ, ನಮ್ಮಲ್ಲಿ ಎಷ್ಟು ಕಾಲ ನಡೆಯುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ಆದರೆ ಹೊಲ ಇದೆ.

ರತ್ನತ್ತಿಗೆಗೆ ಹೋದ ವಾರ ಫೋನ್ ಮಾಡಿದ್ದೆ. ಮನೆಯಲ್ಲಿ ಹೇಗಿದೆ ಅಂತ ಕೇಳಿದೆ, ಸ್ವಲ್ಪ ಹೆದರಿಕೆಯಿಂದಲೇ.

“ಮಾತಿಲ್ಲ,” ಅಂದರು. “ಅಡಿಗೆ ಮಾಡಿ ಇಡ್ತೀನಿ. ಉಣ್ಣಾಕೆ ಮಾತ್ರ ಊರಾಗೆ ಇರ್ತಾರೆ.”

ಹೆಂಗಸಿನ ಸಹಿ ಹೆಂಗೆ ನಡೀತು ಅಂತ ಊರ ಗಂಡಸರೆಲ್ಲ ಟೀ ಅಂಗಡಿಯಲ್ಲಿ ಕೂತು ಇನ್ನೂ ಚರ್ಚೆ ಮಾಡುತ್ತಿದ್ದಾರಂತೆ. ಕಾನೂನು ಕೆಟ್ಟೋಯ್ತು ಅಂತ ಒಬ್ಬ, ಅಮೀನ ದುಡ್ಡು ತಿಂದ ಅಂತ ಇನ್ನೊಬ್ಬ. ಮನೆಗೆ ಹೋಗಿ ಹೆಂಡತಿಯನ್ನು ಕೇಳೋಣ ಅಂತ ಒಬ್ಬನಿಗೂ ಹೊಳೆದಿಲ್ಲ. ಹೊಳೆಯುವುದೂ ಇಲ್ಲ. ಅವರ ಪ್ರಕಾರ ಅವಳು 'ಗಂಡಸ್ರು ಇಲ್ಲ' ಅಂತ ಹೇಳಲು ಬಾಗಿಲಲ್ಲಿ ನಿಲ್ಲಿಸಿದ ಒಂದು ದನಿ, ಅಷ್ಟೇ.

ಹಿತ್ತಲು ಹಾರಿ ಓಡುವ ಮಹನೀಯರೆ, ಹೆಂಡತಿಯನ್ನು ಬಾಗಿಲಿಗೆ ಕಳಿಸುವ ಮುಂಚೆ ಒಂದು ಮಾತು ಕೇಳಿಕೊಳ್ಳಿ: ಅವಳು ನಿಮ್ಮ ಕಡೆಯ ಪಾರ್ಟಿ ಅಂತ ನಿಮಗೆ ಹೇಳಿದವರು ಯಾರು?